ನಾಲಿಗೆಗೆ ಸಿಗುವ ಪಾಠ

ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿಗೆ ಪ್ರವಾಸ ಬಂದ ಶಾಲಾ ಮಕ್ಕಳು ಗೋಡೆ ನೆಕ್ಕಿ ನೋಡುತ್ತಾರೆ. ಬೂದುಬಣ್ಣದ ಆ ಬಂಡೆ ಉಪ್ಪೆಂದು ನಾಲಿಗೆ ಹೇಳಿದರೇ ನಂಬಿಕೆ. (ಮೇಷ್ಟರೂ ನೆಕ್ಕದೆ ಬಿಡುವುದಿಲ್ಲ ಅನ್ನಿ!) 101 ಮೀಟರ್ ಆಳದಲ್ಲಿ ಸಂತ ಕಿಂಗಾಳ ಪ್ರಾರ್ಥನಾ ಮಂದಿರ, ನೆಲ, ಶಿಲ್ಪ, ತೂಗುದೀಪದ ಹರಳು ಎಲ್ಲವೂ ಉಪ್ಪೇ. ಕೆತ್ತಿದವರು ಗಣಿ ಕಾರ್ಮಿಕರು.

ನನ್ನನ್ನು ಹೆಚ್ಚು ಕಾಡುವವರು ಹಿಂದೆ ಈ ಗಣಿಯಲ್ಲಿ ಮೀಥೇನ್ ಅನಿಲ ಸುಡುತ್ತಿದ್ದವರು. ಒದ್ದೆ ಬಟ್ಟೆ ತೊಟ್ಟು, ತೆವಳುತ್ತ, ಉದ್ದ ಕೋಲಿನ ತುದಿಯ ಪಂಜನ್ನು ಸುರಂಗದ ಮೇಲ್ಛಾವಣಿಗೆ ಚಾಚುತ್ತಿದ್ದರು, ಅನಿಲ ಸ್ವಲ್ಪವಿರುವಾಗಲೇ ಉರಿದುಹೋಗಲೆಂದು. ಲೆಕ್ಕ ತಪ್ಪಿದರೆ ಸ್ಫೋಟ. ಮಂದಿರ ನೋಡಿ ಬೆರಗಾದ ಮಕ್ಕಳಿಗೆ ಇವರ ಕಥೆಯನ್ನೂ ಹೇಳಲೇಬೇಕು.

ಮತ್ತೆ ಗಣಿಯಲ್ಲಿ ದುಡಿಯುತ್ತಿದ್ದ ಆ ಕುದುರೆಗಳು! ಲಾಯ, ಮೇವು, ರಾಟೆ ಎಲ್ಲ ನೆಲದಡಿಯಲ್ಲೇ. ವ್ಯಾಪಾರಕ್ಕೆ ಉಪ್ಪು ತೆಗೆಯುವುದು 1996ರಲ್ಲೇ ನಿಂತಿತು. ಕೊನೆಯ ಕುದುರೆ ಬಾಶ್ಕಾ ಮೇಲೆ ಬಂದದ್ದು ಮಾತ್ರ 2002ರಲ್ಲಿ.