ಹಂಚಿದಷ್ಟೂ ಉಳಿಯುವ ಸೊತ್ತು

(ಶತಮಾನೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆಯ ಕಪಾಟಿನಲ್ಲಿ ಅಧ್ಯಾಪಕರು ಬರೆದ ನಾಟಕಗಳೂ ಮಕ್ಕಳ ಕೈಬರಹದ ಪತ್ರಿಕೆಗಳೂ ಇವೆ. ಅವನ್ನು ಅಚ್ಚು ಹಾಕಿಸಲು, ಅಂತರ್ಜಾಲದಲ್ಲಿರಿಸಲು ಬರೆದವರ ಒಪ್ಪಿಗೆ ಬೇಕು. ನಮ್ಮ ದೇಶದ ಕಾಯಿದೆಯಂತೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. 1963ರಲ್ಲಿ ನಮ್ಮನ್ನಗಲಿದ ಮಂಜೇಶ್ವರದ ಗೋವಿಂದ ಪೈಗಳು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು ಎಲ್ಲರ ಸೊತ್ತಾದದ್ದು 2024ರ ಆರಂಭದಲ್ಲಿ. ಗೆದ್ದಲು ಅಷ್ಟು ಕಾಲ ಕಾಯುವುದಿಲ್ಲ.

ಇದಕ್ಕೊಂದು ದಾರಿಯಿದೆ. 2002ರಲ್ಲಿ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಿಂದ ಬರೆದವರ ಹಕ್ಕು ಅಳಿಯುವುದಿಲ್ಲ; ಹಂಚಿಕೊಳ್ಳುವವರಿಗೆ ಒಪ್ಪಿಗೆ ಮೊದಲೇ ದೊರೆಯುತ್ತದೆ. ಕರ್ತೃವಿನ ಹೆಸರನ್ನು ಹೇಳಲೇಬೇಕು. ಮಾರ್ಪಾಡು ಬೇಡ, ವ್ಯಾಪಾರ ಬೇಡ ಎನ್ನಬಹುದು. ಮಾರ್ಪಡಿಸಿದವರೂ ಇದೇ ನಿಯಮದಲ್ಲಿ ಹಂಚಬೇಕೆಂದು ವಿಧಿಸಬಹುದು. ಆದರೆ ಕೊಟ್ಟ ಅನುಮತಿಯನ್ನು ಹಿಂದೆಗೆಯಲಾಗದು, ಯೋಚಿಸಿಯೇ ಕೊಡಬೇಕು.

ನಮ್ಮ ಜಿಲ್ಲೆಯ ಕಯ್ಯೂರಿನಲ್ಲಿ ಹೋರಾಡಿ 1943ರಲ್ಲಿ ಗಲ್ಲಿಗೇರಿದ ರೈತರ ಕಥೆಯನ್ನು ‘ಚಿರಸ್ಮರಣೆ’ಯಲ್ಲಿ ಬರೆದವರು ನಿರಂಜನರು. ಅವರ ಹಲವು ಕೃತಿಗಳನ್ನು ಕುಟುಂಬದವರು 2014ರಲ್ಲಿ ಹೀಗೆಯೇ ಮುಕ್ತಗೊಳಿಸಿದರು. ಕನ್ನಡ ಪುಸ್ತಕದಂಗಡಿ ದೂರವಿರುವ ಗಡಿನಾಡಿನ ಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ.

ಹಳೆ ವಿದ್ಯಾರ್ಥಿಗಳಲ್ಲಿ, ಅಗಲಿದ ಗುರುಗಳ ಮನೆಯವರಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮಲ್ಲಿರುವ ಬರಹ ಯಾವುದು, ಅದಕ್ಕೆ ಯಾವ ಪರವಾನಗಿ ಎಂದು ಬರೆದು, ಸಹಿ ಮಾಡಿ ಶಾಲೆಗೆ ಕೊಡಿ. ನಮ್ಮ ಗುರುಗಳ ನಾಟಕವನ್ನು ಮುಂದಿನ ಶತಮಾನದ ಮಕ್ಕಳೂ ಅವರ ಹೆಸರು ಹೇಳಿಯೇ ಆಡಲಿ.