ಗಾಯ ಮಾಯುವ ಬಗೆ



ರಾಜ್ಯೋತ್ಸವದ ವೇದಿಕೆಯಲ್ಲಿ ಗಾಯದ ಮಾತೇಕೆಂದು ತಾವು ಕೇಳಬಹುದು. ಡೊಂಬಿವಲಿಯ ನಮ್ಮವರೇ ಆದ ಹಿರಿಯರೊಬ್ಬರು ಒಂದು ದಿನ ಬ್ಯಾಂಕಿನಲ್ಲಿ ನನ್ನೆದುರು ಕುಳಿತು, "ಠೇವಣಿ ಮುರಿಸಿಕೊಡಪ್ಪಾ" ಎಂದರು. ಸಕ್ಕರೆ ಕಾಯಿಲೆಯವರು, ಕಾಲಿನ ಹುಣ್ಣು ಮಾಯದು. ಕಾಂಡಕೋಶದ ಚುಚ್ಚುಮದ್ದಿನಿಂದ ಖಂಡಿತ ಗುಣವಾಗುವುದೆಂದು ಯಾರೋ ನಂಬಿಸಿದ್ದರು. ನಾನು ಹಣ ಎಣಿಸಿಕೊಟ್ಟೆ. ಹಣ ಹೋಯಿತು, ಹುಣ್ಣು ಉಳಿಯಿತು. ಆಮೇಲೆ ನಾನು ಓದಿ ತಿಳಿದದ್ದನ್ನು ತಮ್ಮ ಮುಂದಿಡುತ್ತೇನೆ.

ಲೋಕಲ್ ಗಾಡಿ ಹತ್ತುವಾಗ ಮೊಣಕಾಲು ತರಚಿತೆನ್ನಿ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಕೆಲವೇ ಗಂಟೆಗಳಲ್ಲಿ ಬಿಳಿ ರಕ್ತಕಣಗಳು ಬಂದು ರೋಗಾಣುಗಳೊಡನೆ ಕಾದಾಡುತ್ತವೆ. ಗಾಯ ಕೆಂಪಾಗಿ ಊದುವುದು ಆಗಲೇ. ಎರಡು ಮೂರು ದಿನಗಳಲ್ಲಿ ಮ್ಯಾಕ್ರೋಫೇಜ್ ಎಂಬ ಕಣಗಳು ಹೆಚ್ಚಿ, ಸತ್ತದ್ದನ್ನೆಲ್ಲ ನುಂಗಿ ಶುಚಿಮಾಡುತ್ತವೆ. ಬಳಿಕ ಅವುಗಳ ಸ್ವಭಾವವೇ ಬದಲಾಗುತ್ತದೆ. ಕಾವಲುಗಾರನೇ ಮೇಸ್ತ್ರಿಯಾದಂತೆ, ಕಟ್ಟುವ ಕೆಲಸಕ್ಕೆ ಸಂದೇಶ ಕಳುಹುತ್ತವೆ. ಆಗ ಚರ್ಮದಲ್ಲಿಯೂ ಕೂದಲ ಬುಡದಲ್ಲಿಯೂ ಇರುವ ಕಾಂಡಕೋಶಗಳು ಹೊಸ ಕೋಶಗಳನ್ನು ಹುಟ್ಟಿಸಿ ಗಾಯವನ್ನು ಮುಚ್ಚುತ್ತವೆ. ಸಕ್ಕರೆ ಕಾಯಿಲೆಯಲ್ಲಿ ಹುಣ್ಣು ಮಾಯದಿರಲು ಇದೂ ಒಂದು ಕಾರಣ: ಕಾದಾಟ ನಿಲ್ಲದು, ಕಟ್ಟಡ ಏಳದು. ಮೇಸ್ತ್ರಿಯಿಲ್ಲದೆ ಆಳುಗಳನ್ನಷ್ಟೇ ತಂದುಬಿಟ್ಟರೆ ಮನೆ ಎದ್ದೀತೇ?

ಹಾಗೆಂದು ಕಾಂಡಕೋಶವೆಲ್ಲ ಮೋಸವಲ್ಲ. ನಮ್ಮ ಪಕ್ಕದ ಖಾರ್ಘರಿನಲ್ಲಿ, ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಸಂಸ್ಥೆಯಲ್ಲಿ, ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆಯ ಕಸಿ ನಡೆಯುತ್ತದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಅಸ್ಥಿಮಜ್ಜೆಯ ಕೋಶಗಳಿಂದ ಸಿದ್ಧಪಡಿಸಿದ ಮದ್ದಿಗೆ 2016ರಲ್ಲಿ ಕೇಂದ್ರದ ಔಷಧ ನಿಯಂತ್ರಕರ ಸೀಮಿತ ಅನುಮತಿ ದೊರೆಯಿತು. ಅದು ಧೂಮಪಾನಿಗಳಿಗೆ ಬರುವ, ಕಾಲಿನ ರಕ್ತನಾಳ ಕಟ್ಟಿಹೋಗುವ ಬರ್ಜರ್ ಕಾಯಿಲೆಗೆ. ಇಂಥ ಕೋಶಗಳು ತಾವೇ ಹೊಸ ಮಾಂಸವಾಗುವುದಕ್ಕಿಂತ ಹೆಚ್ಚಾಗಿ, ಉರಿಯೂತವನ್ನು ತಣಿಸಿ ರಕ್ತನಾಳ ಬೆಳೆಯಲು ನೆರವಾಗುತ್ತವೆ.

ಆದರೆ ಒಂದು ಕಾಯಿಲೆಯ ಅನುಮತಿ ಎಲ್ಲ ಕಾಯಿಲೆಗೂ ರಹದಾರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಅಂಗೀಕೃತ ಚಿಕಿತ್ಸೆಗಳ ಹೊರಗಿನ ಕಾಂಡಕೋಶ ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯಕೂಡದು. ಆದುದರಿಂದ ಎರಡು ಮಾತು ಕೇಳಿರಿ: ಈ ಕಾಯಿಲೆಗೇ ಅನುಮತಿ ಇದೆಯೇ? ಇಲ್ಲವಾದರೆ ಹಣವೇಕೆ?

ಸಕ್ಕರೆ ಕಾಯಿಲೆಯವರು ದಿನವೂ ಪಾದ ನೋಡಿಕೊಳ್ಳಲಿ. ಸಣ್ಣ ಹುಣ್ಣಾದರೂ ತಡಮಾಡದೆ ವೈದ್ಯರಿಗೆ ತೋರಿಸಲಿ. ಠೇವಣಿ ಮುರಿಸುವ ಮುನ್ನ ಮನೆಮಂದಿಯೊಡನೆ ಒಂದು ಮಾತಾಡಲಿ. ಅಂದು ನಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ತಾವಾದರೂ ಕೇಳಿರೆಂದು ಬೇಡುತ್ತೇನೆ.