ಹೆಡ್‌ಲೈಟಿನ ವೈಪರ್ ಕಿತ್ತು ಹಾಕಬೇಕಾ?

ಇವತ್ತು ರಾಜಕೀಯ ಬೇಡ. ಯಾರು ಯಾರ ಮನೆಗೆ ಊಟಕ್ಕೆ ಹೋದ್ರು, ಯಾವ ರೆಸಾರ್ಟು, ಅದೆಲ್ಲ ನಾಳೆ ನೋಡೋಣ. ಇವತ್ತು ಒಂದು ಗೇಣುದ್ದದ ಕಡ್ಡಿಯ ಬಗ್ಗೆ ಮಾತಾಡೋಣ.

ಹೋದ ವಾರ ರಾತ್ರಿ ಬುಲೆಟಿನ್ ಮುಗಿಸಿ ಮೇಕಪ್ ಒರೆಸ್ಕೊಳ್ತಾ ಇದ್ದೆ, ಫೋನ್ ಬಂತು. ಇಂಜಿನಿಯರಿಂಗ್‌ನಲ್ಲಿ ನನ್ನ ಪಕ್ಕದ ಬೆಂಚಿನವನು. ನಾನು ಡಿಗ್ರಿ ಮುಗಿಸಿ ಮೈಕ್ ಹಿಡ್ಕೊಂಡೆ, ಅವನು ಸ್ಪ್ಯಾನರ್ ಬಿಡಲಿಲ್ಲ. ಈಗ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದ್ದಾನೆ. ವೋಲ್ವೋ ಕಂಪನಿಯ ತವರೂರು ಅದು. ನಮಗೆ ವೋಲ್ವೋ ಅಂದ್ರೆ ಬಸ್ಸು, ಹೊಸಕೋಟೆ, ಐರಾವತ. ಅಲ್ಲಿಯವರಿಗೆ ವೋಲ್ವೋ ಅಂದ್ರೆ ಅಪ್ಪ ಓಡಿಸ್ತಿದ್ದ ಕಾರು. ಅಂಥದ್ದೇ ಒಂದು ಹಳೇ 240 ಮಾಡೆಲ್ ತಗೊಂಡಿದ್ದಾನೆ ನಮ್ಮ ಮಹಾಶಯ. 1974ರಿಂದ 1993ರವರೆಗೆ ತಯಾರಾದ, ಇಟ್ಟಿಗೆ ಗೂಡಿನ ಥರ ಚೌಕಾಕಾರದ ಗಾಡಿ.

ಅವನ ಪ್ರಶ್ನೆ ಒಂದೇ. "ಮಗಾ, ಹೆಡ್‌ಲೈಟ್ ವೈಪರ್ ಕೆಟ್ಟಿದೆ. ಗ್ಯಾರೇಜಿನವನು ಕಿತ್ತು ಬಿಸಾಕು ಅಂತಿದ್ದಾನೆ. ಏನ್ ಮಾಡ್ಲಿ?"

ನಿಮ್ಮಲ್ಲಿ ಎಷ್ಟೋ ಜನಕ್ಕೆ ಈಗ ನಗು ಬಂದಿರುತ್ತೆ. ಹೆಡ್‌ಲೈಟಿಗೂ ವೈಪರ್ರಾ? ಹೌದು ಸ್ವಾಮಿ, ಇದೆ. ಮುಂದಿನ ಗಾಜಿಗೆ ಇರೋ ಹಾಗೇ ಎರಡೂ ದೀಪದ ಗಾಜಿಗೆ ಒಂದೊಂದು ಪುಟ್ಟ ವೈಪರ್. ಪಕ್ಕದಲ್ಲೇ ನೀರು ಚಿಮ್ಮಿಸೋ ಸಣ್ಣ ಪೈಪು. ಸಾಬ್ ಅನ್ನೋ ಇನ್ನೊಂದು ಸ್ವೀಡಿಶ್ ಕಂಪನಿ 1970ರಲ್ಲಿ ತನ್ನ 99 ಕಾರಿಗೆ ಇದನ್ನ ಹಾಕಿತು. 70ರ ದಶಕದಲ್ಲೇ ಸ್ವೀಡನ್ ಸರ್ಕಾರ ದೀಪ ತೊಳೆಯೋ ವ್ಯವಸ್ಥೆ ಇರಲೇಬೇಕು ಅಂತ ಕಾನೂನು ಮಾಡಿತು. ಸಾಬ್ ಕಂಪನಿ 2011ರಲ್ಲಿ ದಿವಾಳಿಯಾಯ್ತು, ಅದರ ವೈಪರ್ ಕಡ್ಡಿ ಮಾತ್ರ ಇನ್ನೂ ಎಷ್ಟೋ ಹಳೇ ಕಾರುಗಳ ಮೂತಿ ಮೇಲೆ ಇದೆ.

ಯಾಕೆ ಬೇಕಿತ್ತು ಇದು? ಶೋಕಿಗಲ್ಲ. ಗೋಥೆನ್‌ಬರ್ಗ್‌ನಲ್ಲಿ ಡಿಸೆಂಬರ್ ತಿಂಗಳಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗ್ತಾನೆ. ಆಫೀಸಿಗೆ ಹೋಗೋದೂ ಕತ್ತಲಲ್ಲಿ, ಬರೋದೂ ಕತ್ತಲಲ್ಲಿ. ರಸ್ತೆ ಮೇಲೆ ಹಿಮ ಕರಗಲಿ ಅಂತ ಉಪ್ಪು ಸುರೀತಾರೆ. ಚಳಿಗಾಲದ ಟೈರಿಗೆ ಲೋಹದ ಮೊಳೆ ಇರುತ್ತೆ, ಅದು ಡಾಂಬರನ್ನ ಕೆರೆದು ಪುಡಿ ಮಾಡುತ್ತೆ. ಉಪ್ಪು, ಡಾಂಬರಿನ ಪುಡಿ, ಕರಗಿದ ಹಿಮದ ನೀರು, ಮೂರೂ ಸೇರಿ ಆಗೋ ರಾಡಿ ಇದೆಯಲ್ಲ, ಮುಂದೆ ಹೋಗ್ತಿರೋ ಲಾರಿಯ ಚಕ್ರದಿಂದ ಎದ್ದು ನೇರವಾಗಿ ನಿಮ್ಮ ದೀಪಕ್ಕೆ ಬಡಿಯುತ್ತೆ. ಒಳಗೆ ಕೂತ ನಿಮಗೆ ಗೊತ್ತೇ ಆಗಲ್ಲ. ಎದುರಿನ ಗಾಜಿನ ವೈಪರ್ ಓಡ್ತಾ ಇರುತ್ತೆ, ಗಾಜು ಫಳಫಳ ಅಂತಿರುತ್ತೆ, ರಸ್ತೆ ಮಾತ್ರ ನಿಧಾನವಾಗಿ ಕಪ್ಪಾಗ್ತಾ ಹೋಗುತ್ತೆ. ಕಣ್ಣು ಆ ಕತ್ತಲಿಗೆ ಹೊಂದ್ಕೊಂಡು ಬಿಡುತ್ತೆ. ಅಪಾಯ ಇರೋದೇ ಅಲ್ಲಿ.

ಇನ್ನೊಂದು ವಿಷಯ, ಇದು ನಮ್ಮ ಊರಲ್ಲೂ ನಿಜ. ಕೊಳೆ ಬೆಳಕನ್ನ ಬರೀ ತಡೆಯೋದಿಲ್ಲ, ಚೆದುರಿಸುತ್ತೆ. ಡಿಪ್ ಹಾಕಿದಾಗ ಬೆಳಕು ಒಂದು ಗೆರೆ ಎಳೆದ ಹಾಗೆ ಕೆಳಗೇ ಇರಬೇಕು. ಗಾಜಿನ ಮೇಲೆ ಕೆಸರಿನ ಪೊರೆ ಕೂತರೆ ಆ ಗೆರೆ ಒಡೆದು ಹೋಗಿ ಬೆಳಕು ಮೇಲಕ್ಕೂ ಹರಡುತ್ತೆ, ಎದುರು ಬರೋನ ಕಣ್ಣಿಗೆ ಹೊಡೆಯುತ್ತೆ. ಅಂದ್ರೆ ನಿಮಗೂ ಕಾಣಲ್ಲ, ಅವನಿಗೂ ಕಾಣಲ್ಲ.

ನಮ್ಮಲ್ಲಿ ಇದಕ್ಕೆ ಬೇರೆ ಏರ್ಪಾಡಿತ್ತು. ಲಾರಿಯ ಕ್ಲೀನರ್! ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತೋ ಲಾರಿ ಟೀ ಅಂಗಡಿ ಹತ್ರ ನಿಂತಾಗ ನೋಡಿ, ಡ್ರೈವರ್ ಅಣ್ಣ ಇಳಿದು ಟೀ ಹೇಳೋ ಹೊತ್ತಿಗೆ ಹುಡುಗ ಬಟ್ಟೆ ತಗೊಂಡು ಎರಡೂ ಲೈಟ್ ಒರೆಸಿರ್ತಾನೆ. ಸಾಬ್ ಕಂಪನಿ ಮೋಟರ್‌ನಿಂದ ಮಾಡಿಸಿದ ಕೆಲಸವನ್ನ ನಾವು ಹುಡುಗನ ಕೈಯಲ್ಲಿ ಮಾಡಿಸಿದ್ವಿ.

ಸರಿ, ಈಗ ಗೆಳೆಯನ ಪ್ರಶ್ನೆಗೆ ಬರೋಣ. ಗ್ಯಾರೇಜಿನವನು ಕಿತ್ತು ಹಾಕು ಅಂದದ್ದು ಸುಮ್ಮನೆ ಅಲ್ಲ. ಆ ಮೋಟರ್ ಕೂತಿರೋ ಜಾಗವೇ ಅಂಥದ್ದು. ದೀಪದ ಪಕ್ಕ, ಬಂಪರಿನ ಹತ್ತಿರ, ನೀರು ಉಪ್ಪು ಎರಡೂ ಮೊದಲು ಸೇರೋ ಕಡೆ. ವರ್ಷಗಟ್ಟಲೆ ಓಡಿಸದೇ ಬಿಟ್ಟರೆ ಶಾಫ್ಟಿಗೆ ತುಕ್ಕು ಹಿಡಿದು ಜಾಮ್ ಆಗುತ್ತೆ. ಜಾಮ್ ಆದ ಮೋಟರಿಗೆ ಕರೆಂಟ್ ಕೊಟ್ಟರೆ ಏನಾಗುತ್ತೆ? ತಿರುಗೋ ಮೋಟರ್ ಎಳೆಯೋ ಕರೆಂಟಿಗಿಂತ ನಿಂತ ಮೋಟರ್ ಎಳೆಯೋದು ಎಷ್ಟೋ ಪಟ್ಟು ಜಾಸ್ತಿ. ಇದು ನನ್ನ ಮೂರನೇ ಸೆಮಿಸ್ಟರ್ ಪಾಠ, ಅದೊಂದೇ ಸರಿಯಾಗಿ ನೆನಪಿರೋದು. ಫ್ಯೂಸ್ ಹಾರುತ್ತೆ. ಅದೇ ಫ್ಯೂಸಿನಲ್ಲಿ ಮುಂದಿನ ಗಾಜಿನ ವಾಷರ್ರೂ ಇದ್ದರೆ ಅದೂ ಹೋಯ್ತು. ಹೆಡ್‌ಲೈಟ್ ಉಳಿಸೋಕೆ ಹೋಗಿ ಎದುರಿನ ಗಾಜೇ ಕುರುಡು. 80ರ ದಶಕದ ಕೆಲವು ವೋಲ್ವೋಗಳಲ್ಲಿ ವೈರಿನ ಮೇಲಿನ ಹೊದಿಕೆ ಹಪ್ಪಳದ ಥರ ಉದುರೋ ಸಮಸ್ಯೆ ಬೇರೆ ಇದೆ. ಹಾಗಾಗಿ ಮೆಕ್ಯಾನಿಕ್ ಭಯದಲ್ಲಿ ಅರ್ಥ ಇದೆ.

ನಾನು ಕೇಳ್ದೆ, "ನಿನ್ನ ದೀಪ ಗಾಜಿನದ್ದಾ, ಪ್ಲಾಸ್ಟಿಕ್ಕಾ?"

ಇದು ಮುಖ್ಯ ನೋಡಿ. 90ರ ದಶಕದಲ್ಲಿ ಕಾರಿನ ಕಂಪನಿಗಳು ಗಾಜು ಬಿಟ್ಟು ಪಾಲಿಕಾರ್ಬೊನೇಟ್‌ಗೆ ಹೋದವು. ಹಗುರ, ಬೇಕಾದ ಆಕಾರಕ್ಕೆ ಬಗ್ಗುತ್ತೆ, ಆದರೆ ಗೀರು ಬೇಗ ಬೀಳುತ್ತೆ. ಅದರ ಮೇಲೆ ಮರಳು ಮೆತ್ತಿದ ರಬ್ಬರ್ ಉಜ್ಜಿದರೆ ಮುಗೀತು ಕಥೆ. ಅದಕ್ಕೇ ವೈಪರ್ ಹೋಗಿ ಜೋರಾಗಿ ನೀರು ಚಿಮ್ಮಿಸೋ ಜೆಟ್ ಬಂತು. ಹಳೇ ಕಾರಿಗೆ ಯಾರೋ ಅಗ್ಗಕ್ಕೆ ಸಿಗ್ತು ಅಂತ ಪ್ಲಾಸ್ಟಿಕ್ ದೀಪ ಹಾಕಿದ್ದರೆ, ವೈಪರ್ ರಿಪೇರಿ ಮಾಡೋ ಮಾತೇ ಬೇಡ, ತೆಗೆದುಬಿಡಿ.

ಅವನದ್ದು ಗಾಜಿನದ್ದೇ. ಒಳಗೆ ಎಚ್4 ಬಲ್ಬು. ಡಿಪ್‌ನಲ್ಲಿ ಸುಮಾರು 1000 ಲ್ಯೂಮೆನ್ ಬೆಳಕು. ಯುರೋಪಿನಲ್ಲಿ ಈಗಿರೋ ನಿಯಮ 2000 ಲ್ಯೂಮೆನ್‌ಗಿಂತ ಹೆಚ್ಚು ಬೆಳಕು ಕೊಡೋ ದೀಪಕ್ಕೆ ಮಾತ್ರ ತೊಳೆಯೋ ವ್ಯವಸ್ಥೆ ಕಡ್ಡಾಯ ಅನ್ನುತ್ತೆ. ಝೆನಾನ್ ದೀಪಗಳು ಅಷ್ಟು ಪ್ರಖರ, ಕೊಳೆ ಕೂತರೆ ಎದುರಿನವನನ್ನ ಕುರುಡು ಮಾಡ್ತವೆ ಅನ್ನೋದು ಕಾರಣ. ಅಂದ್ರೆ ನಿಯಮ ಎದುರಿನವನ ಕಣ್ಣನ್ನ ನೋಡ್ಕೊಳ್ತು. ಮಂದ ದೀಪದ ಹಳೇ ಕಾರಲ್ಲಿ ಕೂತವನಿಗೆ ಎಷ್ಟು ಕಾಣುತ್ತೆ ಅಂತ ಕೇಳಲಿಲ್ಲ. ಸಾವಿರ ಲ್ಯೂಮೆನ್ನೇ ಇರೋನು ಅದರಲ್ಲೂ ಅರ್ಧ ಕೆಸರಿಗೆ ಕೊಟ್ಟರೆ ಉಳಿಯೋದೆಷ್ಟು?

ಅಷ್ಟು ಹೇಳಿ ಮುಗಿಸೋಣ ಅಂತಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. ಎರಡು ದಿನದ ಹಿಂದೆ ಸಂಜೆ ಮನೆಗೆ ಬರ್ತಾ ಇದ್ದನಂತೆ. ಅಲ್ಲಿನ ಜನ ಚಳಿಗಾಲದಲ್ಲಿ ಕೋಟಿಗೆ ಹೊಳೆಯೋ ಪುಟ್ಟ ಬಿಲ್ಲೆ ನೇತುಹಾಕ್ಕೊಂಡು ಓಡಾಡ್ತಾರೆ, ಗಾಡಿಯ ಬೆಳಕು ಬಿದ್ದರೆ ದೂರದಿಂದ ಮಿಂಚಲಿ ಅಂತ. ರಸ್ತೆ ದಾಟ್ತಿದ್ದ ಒಬ್ಬ ಅಜ್ಜಿಯ ಕೋಟಿನ ಬಿಲ್ಲೆ ಇವನಿಗೆ ಕಂಡದ್ದು ತೀರ ಹತ್ತಿರ ಬಂದ ಮೇಲೆ. ಬ್ರೇಕ್ ಹಿಡೀತು, ಏನೂ ಆಗಲಿಲ್ಲ. ಅಜ್ಜಿ ಬೈಯಲೂ ಇಲ್ಲವಂತೆ, ಕಾರಿನ ಮುಂದೆ ಬಂದು ತಮ್ಮ ಗ್ಲೌಸಿನಲ್ಲಿ ಒಂದು ಹೆಡ್‌ಲೈಟ್ ಒರೆಸಿ, ಬೆರಳು ತೋರಿಸಿ ಹೋದರಂತೆ.

"ಅದಕ್ಕೇ ಫೋನ್ ಮಾಡಿದ್ದಾ?" ಅಂದೆ. "ಹೂಂ" ಅಂದ.

ಹಾಗಾದ್ರೆ ಕಿತ್ತು ಹಾಕಬೇಡ ಅಂದೆ. ಬೇಸಿಗೆಯ ಭಾನುವಾರ ಮಾತ್ರ ಹೊರಗೆ ತೆಗೆಯೋ ಶೋಕಿಯ ಕಾರಾಗಿದ್ದರೆ ಕಿತ್ತುಬಿಡು ಅಂತಿದ್ದೆ. ಅದಕ್ಕೂ ಒಂದು ಕ್ರಮ ಇದೆ. ಬರೀ ಕಡ್ಡಿ ಮುರಿದು ಬಿಡೋದಲ್ಲ. ಕನೆಕ್ಟರ್ ಕಳಚಿ ನೀರು ಹೋಗದ ಹಾಗೆ ಮುಚ್ಚಬೇಕು. ನೀರಿನ ಪೈಪಿನ ಬಾಯಿ ಕಟ್ಟಬೇಕು, ಇಲ್ಲದಿದ್ರೆ ಗಾಜಿಗೆ ಹೋಗಬೇಕಾದ ನೀರು ರಸ್ತೆಗೆ ಸುರಿಯುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಗೊತ್ತಾ? ಕೆಟ್ಟ ವೈಪರನ್ನ ರಿಪೇರಿನೂ ಮಾಡದೆ, ತೆಗೆಯಲೂ ಇಲ್ಲದೆ, ಅರ್ಧಕ್ಕೆ ನಿಂತ ಕಡ್ಡಿಯನ್ನ ದೀಪದ ಮಧ್ಯೆ ಹಾಗೇ ಬಿಡೋದು. ಅದರ ನೆರಳು ರಸ್ತೆ ಮೇಲೆ ಬೀಳುತ್ತೆ. ನಾವು ಜಾಸ್ತಿ ಮಾಡೋದೂ ಅದನ್ನೇ, ಕಾರಿನ ವಿಷಯದಲ್ಲಿ ಮಾತ್ರ ಅಲ್ಲ ಬಿಡಿ.

ಇವನದ್ದು ದಿನಾ ಓಡೋ ಗಾಡಿ. ಮೊದಲು ಮೋಟರ್ ಬಿಚ್ಚಿ ನೇರ ಹನ್ನೆರಡು ವೋಲ್ಟ್ ಕೊಟ್ಟು ನೋಡು ಅಂದೆ. ತಿರುಗಿದರೆ ಮೋಟರ್ ತಪ್ಪಲ್ಲ, ಅರ್ಥ್ ವೈರ್ ತುಕ್ಕು ಹಿಡಿದಿರುತ್ತೆ, ಉಜ್ಜಿ ಬಿಗಿ ಮಾಡು. ತಿರುಗದಿದ್ರೆ ಬಿಚ್ಚಿ, ಶಾಫ್ಟ್ ತೊಳೆದು, ಹೊಸ ಗ್ರೀಸ್ ಹಾಕು. ಗೇರಿನ ಹಲ್ಲೇ ಸವೆದಿದ್ದರೆ ಗುಜರಿಯಲ್ಲಿ ಇನ್ನೊಂದು ಹುಡುಕು, 240 ಕಾರು ಹುಟ್ಟಿದ ಊರಲ್ಲಿ ಅದಕ್ಕೆ ಬರ ಇರಲ್ಲ. ರಬ್ಬರ್ ಮಾತ್ರ ಹೊಸದೇ ಹಾಕು. ಬೇಸಿಗೆಯಲ್ಲೂ ವಾರಕ್ಕೊಮ್ಮೆ ಓಡಿಸು, ಜಾಮ್ ಆಗಲ್ಲ.

ನಿನ್ನೆ ಒಂದು ವಿಡಿಯೋ ಕಳಿಸಿದ್ದಾನೆ, ಹದಿನೈದು ಸೆಕೆಂಡಿನದ್ದು. ಬಲಗಡೆಯದ್ದು ಅತ್ತ ಇತ್ತ ಚೆನ್ನಾಗಿ ಓಡ್ತಿದೆ. ಎಡಗಡೆಯದ್ದು ಒಂಚೂರು ನಡುಗಿ ಅಲ್ಲೇ ನಿಲ್ಲುತ್ತೆ. ಕೆಳಗೆ ಬರೆದಿದ್ದಾನೆ: "ಶನಿವಾರ ಗುಜರಿಗೆ ಹೋಗ್ತೀನಿ. ಅಲ್ಲೀತನಕ ಡಿಕ್ಕಿಯಲ್ಲಿ ಬಟ್ಟೆ ಇದೆ."